ಎಡಕ್ಕೆ ಬಿದ್ದ ಹೂವು

ನಮ್ಮೂರ ದ್ಯಾಮವ್ವನ ಗುಡಿಯಲ್ಲಿ ಹೂ ಹಚ್ಚಿ ಅಪ್ಪಣೆ ಕೇಳುವ ಪದ್ಧತಿ ಇದೆ. ಪೂಜಾರಿ ಎರಡು ಸೇವಂತಿಗೆ ಹೂಗಳನ್ನು ತೇದ ಗಂಧದಲ್ಲಿ ಅದ್ದಿ ತಾಯಿಯ ಎರಡೂ ಭುಜಗಳಿಗೆ ಅಂಟಿಸುತ್ತಾನೆ. ಕೇಳಬೇಕಾದ ಮಾತನ್ನು ಗಟ್ಟಿಯಾಗಿ ಕೇಳುತ್ತಾನೆ. ಆಮೇಲೆ ಎಲ್ಲರೂ ಕುಳಿತು ಕಾಯುತ್ತಾರೆ. ಗಂಧ ಆರುತ್ತ ಬಂದಂತೆ ಎರಡರಲ್ಲಿ ಒಂದು ಹೂ ಕಳಚಿ ಬೀಳುತ್ತದೆ. ತಾಯಿಯ ಬಲಭುಜದ್ದು ಬಿದ್ದರೆ ಒಪ್ಪಿಗೆ, ಎಡದ್ದು ಬಿದ್ದರೆ ಬೇಡ. ಹೆಣ್ಣು ತರುವುದಕ್ಕೆ, ಬೋರು ಕೊರೆಸುವುದಕ್ಕೆ, ಎತ್ತು ಮಾರುವುದಕ್ಕೆ ಹೀಗೆ ಕೇಳುತ್ತಾರೆ. ಗ್ರಾಮ ಪಂಚಾಯಿತಿಗೆ ಯಾರು ನಿಲ್ಲಬೇಕು ಎಂಬುದಕ್ಕೂ ಕೇಳುತ್ತಾರೆ. ನಾನು ಬರೆಯುತ್ತಿರುವುದು ಈ ಕೊನೆಯದರ ಬಗ್ಗೆ.

ನಾನು ಶಿಗ್ಗಾವಿಯ ಒಂದು ಕಾಲೇಜಿನಲ್ಲಿ ಇತಿಹಾಸ ಕಲಿಸುತ್ತೇನೆ. ಹುಟ್ಟಿದ್ದು ಹಾನಗಲ್ ತಾಲೂಕಿನಲ್ಲಿ, ಅಕ್ಕಿಆಲೂರ ಸಂತೆಗೆ ನಡೆದೇ ಹೋಗಿಬರಬಹುದಾದ ಒಂದು ಹಳ್ಳಿಯಲ್ಲಿ. ಓದುವ ಕಾಲದಿಂದಲೂ ದಿನಚರಿ ಬರೆಯುವ ರೂಢಿ ಇದೆ. ಆದರೆ ಹಳೆಯ ಪುಟಗಳನ್ನು ಓದುವಾಗ ನನಗೆ ನನ್ನ ಮೇಲೆ ವಿಶ್ವಾಸ ಹುಟ್ಟುವುದಿಲ್ಲ. ಸಿಟ್ಟು ಬಂದ ದಿನ ಎಲ್ಲರೂ ಕೆಟ್ಟವರಾಗಿ ಕಾಣುತ್ತಾರೆ, ಸಿಟ್ಟು ಇಳಿದ ದಿನ ಅದೇ ಜನ ಪಾಪದವರು. ಅಂದಿನದನ್ನು ಅಂದೇ ಬರೆದಿರುತ್ತೇನೆಂಬ ಖಾತ್ರಿಯೂ ಇಲ್ಲ. ಎರಡು ದಿನ ಬಿಟ್ಟು ಬರೆದು ಮೇಲೆ ಹಳೆಯ ತಾರೀಖನ್ನೇ ಹಾಕಿದ್ದುಂಟು. ಆದ್ದರಿಂದ ಇಲ್ಲಿ ನಾನು ಕಣ್ಣಾರೆ ಕಂಡೆ ಎಂದದ್ದನ್ನೂ ಸ್ವಲ್ಪ ಅನುಮಾನದಿಂದಲೇ ಓದಬೇಕು. ನಾನು ಹಾಗೆಯೇ ಓದಿಕೊಳ್ಳುತ್ತೇನೆ.

ನನ್ನ ಅಕ್ಕನನ್ನು ಅದೇ ಊರಲ್ಲಿ ನಮ್ಮ ಸೋದರಮಾವನಿಗೆ ಕೊಟ್ಟಿದೆ. ಮಾವ ಅಕ್ಕಿಆಲೂರಿನ ಒಂದು ಅಕ್ಕಿ ಗಿರಣಿಯಲ್ಲಿ ಯಂತ್ರ ನೋಡಿಕೊಳ್ಳುತ್ತಾನೆ. ಅಕ್ಕ ಮನೆಯ ಪಡಸಾಲೆಯಲ್ಲಿ ಹೊಲಿಗೆ ಮಷೀನು ಇಟ್ಟುಕೊಂಡು ಕುಪ್ಪಸ ಹೊಲಿಯುತ್ತಾಳೆ. ಅವರ ಓಣಿಯ ಗಟಾರ ಅಂಗನವಾಡಿಯ ಬಾಗಿಲ ಮುಂದೆಯೇ ತುಂಬಿ ಹರಿಯುತ್ತದೆ. ಮಕ್ಕಳು ಅದನ್ನು ಜಿಗಿದು ಒಳಗೆ ಹೋಗಬೇಕು. ಜಿಗಿಯಲಾರದ ಮಗು ಅದರಲ್ಲಿ ಕಾಲಿಟ್ಟು ಹಾಗೆಯೇ ಹೋಗಿ ಉಪ್ಪಿಟ್ಟು ತಿನ್ನಲು ಕೂರುತ್ತದೆ. ಅಕ್ಕನ ಮಷೀನಿನ ಎದುರಿನ ಕಿಟಕಿ ತೆರೆದರೆ ಆ ನಾತ, ಮುಚ್ಚಿದರೆ ಸೆಕೆ. ಎಷ್ಟೋ ವರ್ಷಗಳಿಂದ ಪಂಚಾಯಿತಿಗೆ ಹೋಗಿ ಹೇಳಿದಳು. ಪ್ರತಿ ಸಲವೂ ಅಲ್ಲಿ ಕೂತಿರುತ್ತಿದ್ದವರು ಗೌಡರು ಅಥವಾ ಗೌಡರ ಮನೆಯವರು. ಪ್ರತಿ ಸಲವೂ ಉತ್ತರ ಒಂದೇ. "ನೋಡೂಣವಾ."

ಗೌಡರ ಮನೆಯೇ ಏಕೆ ಎಂದು ಊರಲ್ಲಿ ಯಾರೂ ಕೇಳುವುದಿಲ್ಲ. ಉತ್ತರ ಎಲ್ಲರಿಗೂ ಗೊತ್ತು. ಈಗಿನ ಗೌಡರ ಮುತ್ತಜ್ಜನ ಕಾಲದಲ್ಲಿ ದ್ಯಾಮವ್ವನ ಕಟ್ಟಿಗೆಯ ಮೂರ್ತಿಗೆ ಹೊಸ ಬಣ್ಣ ಹಚ್ಚಿ ಕೂರಿಸುವಾಗ ಒಬ್ಬ ಹೆಂಗಸಿನ ಮೈಮೇಲೆ ತಾಯಿ ಬಂದು, "ಈ ಮನಿತನ ಊರ ಹಿಡೀತೈತಿ, ಬ್ಯಾರೆ ಕೈಗೆ ಕೊಟ್ರ ನಾ ಇರಂಗಿಲ್ಲ" ಎಂದಳಂತೆ. ಇದನ್ನು ನನಗೆ ಹೇಳಿದ್ದು ನನ್ನ ಅಜ್ಜಿ. ಅದೇ ಅಜ್ಜಿ ಇನ್ನೊಮ್ಮೆ, ಆ ಹೆಂಗಸು ಗೌಡರ ಮನೆಯಲ್ಲೇ ಸಗಣಿ ಬಳಿಯುತ್ತಿದ್ದವಳು, ಆ ದಿನ ಹಸಿದಿದ್ದಳು, ಕೂಗಿದ್ದು ಏನೆಂದು ಯಾರಿಗೂ ಸರಿಯಾಗಿ ತಿಳಿಯಲಿಲ್ಲ ಎಂದೂ ಹೇಳಿದಳು. ಎರಡನೆಯದನ್ನು ಹೇಳಿದ್ದು ಅಜ್ಜಿಯೋ, ಇತಿಹಾಸದ ಎಂ.ಎ. ಮುಗಿಸಿದ ಮೇಲೆ ನಾನೇ ಅಜ್ಜಿಯ ಬಾಯಿಗೆ ಇಟ್ಟೆನೋ, ಈಗ ಬಿಡಿಸಿ ಹೇಳಲಾರೆ. ಅಜ್ಜಿ ಇಲ್ಲ.

ಹಾನಗಲ್ಲಿನಲ್ಲಿ ಆಳಿದ ಹಳೆಯ ಅರಸರು ತಮ್ಮ ಶಾಸನಗಳಲ್ಲಿ ದೇವರ ವರಪ್ರಸಾದ ಪಡೆದವರು ಎಂದು ತಮ್ಮನ್ನು ಕರೆದುಕೊಳ್ಳುತ್ತಾರೆ. ಅದನ್ನು ನಾನು ಪ್ರತಿ ವರ್ಷ ಕಪ್ಪುಹಲಗೆಯ ಮೇಲೆ ಬರೆದು, ಕೆಳಗೆ ಗೆರೆ ಎಳೆದು, ಪರೀಕ್ಷೆಗೆ ಬರುತ್ತದೆ ಎಂದು ಹೇಳುತ್ತೇನೆ. ಸವಣೂರಿನಿಂದ ದಿನವೂ ಬಂದುಹೋಗುವ, ನಮ್ಮಲ್ಲಿ ಉರ್ದು ಕಲಿಸುವ ಮೇಷ್ಟ್ರು ಒಬ್ಬರಿದ್ದಾರೆ. ಅವರ ಮನೆತನದ್ದು ವೀಳ್ಯದೆಲೆ ವ್ಯಾಪಾರ. ಒಂದು ದಿನ ಸ್ಟಾಫ್ ರೂಮಿನಲ್ಲಿ ಎಲೆಗೆ ಸುಣ್ಣ ಸವರುತ್ತ ಅವರು ಅಂದದ್ದು ಇದು: "ಮೇಡಂ, ಎಲ್ಲಾ ಅರಸರ ಹಿಂದೂ ಒಬ್ಬ ಫಕೀರ ಇರ್ತಾನ್ರಿ. ನೀ ರಾಜಾ ಆಗ್ತಿ ಅಂತ ದುವಾ ಕೊಟ್ಟಾಂವ. ಖರೇ ಅಂದ್ರ, ಗದ್ದಿಗಿ ಸಿಕ್ಕ ಮ್ಯಾಲೆ ಅಂವನ್ನ ಹುಡುಕಿ ತರ್ತಾರ. ಸಿಗಲಿಲ್ಲಂದ್ರ ಒಂದು ಗೋರಿ ಕಟ್ಟಿಬಿಡ್ತಾರ." ನಾವಿಬ್ಬರೂ ಬಹಳ ನಕ್ಕೆವು. ನಗುವುದು ಸುಲಭವಿತ್ತು. ಅವರೆಲ್ಲ ಸತ್ತ ಅರಸರು.

ಆ ಸಲದ ಪಂಚಾಯಿತಿ ಚುನಾವಣೆಯಲ್ಲಿ ಅಕ್ಕನ ಓಣಿಯ ವಾರ್ಡು ಮಹಿಳೆಗೆ ಮೀಸಲಾಯಿತು. ಅಕ್ಕ ಫೋನು ಮಾಡಿ, "ನಾ ನಿಲ್ಲೂದ" ಎಂದಳು. ನನಗೆ ಕುಣಿದಾಡುವಷ್ಟು ಖುಷಿಯಾಯಿತು. "ಆದ್ರ ತಾಯಿನ್ನ ಕೇಳಿ" ಎಂದಳು. ನನ್ನ ಖುಷಿ ಅಲ್ಲಿಗೇ ಇಳಿಯಿತು.

"ಗಟಾರ ತೆಗಸಾಕ ತಾಯಿನ್ನ ಯಾಕ ಕೇಳಬೇಕಬೇ?"

"ನಿನಗ ಬ್ಯಾಡಾದ್ರ ನೀ ಕೇಳಬ್ಯಾಡ. ನನಗ ಬೇಕು. ಆಕಿ ಬ್ಯಾಡ ಅಂದದ್ದನ್ನ ಮಾಡಿ ನಾ ಈ ಊರಾಗ ಬಾಳ್ವಿ ಮಾಡಾಕ ಆಗಂಗಿಲ್ಲ."

ಅವಳ ಮಾತಿನಲ್ಲಿ ಊರ ಹೆದರಿಕೆ ಎಷ್ಟು, ತಾಯಿಯ ಮೇಲಿನ ಭಕ್ತಿ ಎಷ್ಟು ಎಂದು ಅಂದೂ ತಿಳಿಯಲಿಲ್ಲ. ಅಕ್ಕ ಮಂಗಳವಾರ ಮತ್ತು ಶುಕ್ರವಾರ ಗುಡಿಗೆ ಹೋಗದೆ ಬಾಯಿಗೆ ನೀರು ಹಾಕುವವಳಲ್ಲ. ನಾನು ದೇವರನ್ನು ಬಿಟ್ಟು ಎಷ್ಟೋ ವರ್ಷವಾಗಿತ್ತು. ಆದರೂ ಅಪ್ಪಣೆ ಕೇಳುವ ದಿನ ರಜೆ ಹಾಕಿ ಊರಿಗೆ ಹೋದೆ.

ಗುಡಿಯೊಳಗೆ ಕಾಲಿಟ್ಟೆ. ಕಾಯಿ ಒಡೆದ ನೀರು ನೆಲದ ಮೇಲೆ ಹುಳಿಯುತ್ತಿತ್ತು. ಎಣ್ಣೆಯ ಜಿಡ್ಡಿಗೆ ಅಂಗಾಲು ಅಂಟುತ್ತಿತ್ತು. ಮೂಲೆಯ ಬಕೀಟಿನಲ್ಲಿ ಹಳೆಯ ಹೂ ಕೊಳೆತು ಕಪ್ಪು ರಸ ಬಿಟ್ಟಿತ್ತು. ಮೇಲೆ ಹೊಸ ಫ್ಯಾನು. ಅದರ ಮೂರೂ ಎಲೆಗಳ ಮೇಲೆ ಕೆಂಪು ಬಣ್ಣದಲ್ಲಿ ಅದನ್ನು ಕೊಡಿಸಿದ ಗೌಡರ ಹೆಸರು. ಫ್ಯಾನು ತಿರುಗುತ್ತಿದ್ದರೆ ಹೆಸರು ಓದಲು ಬರುವುದಿಲ್ಲವೆಂದೋ ಏನೋ, ಗೌಡರು ಅದನ್ನು ಆರಿಸಿ ಕೂತಿದ್ದರು. ಹೀಗೆ ಬರೆಯುವಾಗ ನಾನು ಕುಹಕ ಮಾಡುತ್ತಿದ್ದೇನೆ. ಹೂ ಗಾಳಿಗೆ ಬೀಳಬಾರದೆಂದು ಆರಿಸುವುದು ಅಲ್ಲಿನ ರೂಢಿ.

ಗೌಡರ ಸೊಸೆ ಗಂಡಸರ ಹಿಂದೆ, ಕಂಬಕ್ಕೆ ಆನಿಕೊಂಡು ಕೂತಿದ್ದಳು. ಹಿರೇಕೆರೂರಿನಿಂದ ತಂದ ಹುಡುಗಿ, ಮದುವೆಯಾಗಿ ಹೆಚ್ಚು ದಿನವಾಗಿರಲಿಲ್ಲ. ನಿಲ್ಲಿಸಬೇಕೆಂದಿದ್ದದ್ದು ಅವಳನ್ನು. ಅವಳು ಸೆರಗಿನ ಒಳಗೆ ಫೋನು ನೋಡುತ್ತಿದ್ದಳು.

ಪೂಜಾರಿ ಹೂ ಹಚ್ಚಿದ. ಎರಡು ಬೆರಳು ಗಂಧದ ಬಟ್ಟಲಲ್ಲಿ ಅದ್ದಿ, ಹೂವಿನ ತೊಟ್ಟಿಗೆ ಸವರಿ, ಮೂರ್ತಿಯ ಕೆಂಪು ಭುಜಗಳಿಗೆ ಒತ್ತಿದ. "ತಾಯಿ, ಈ ಸಲಾನೂ ಗೌಡ್ರ ಮನಿಯಿಂದನ ಆಗ್ಲೇನವ್ವಾ? ಆಗೂದಾದ್ರ ಬಲಕ್ಕ ಕೊಡು" ಎಂದ. ಕಾದೆವು. ಯಾರೋ ಕೆಮ್ಮಿದರು. ಸ್ವಲ್ಪ ಹೊತ್ತಿಗೆ ಹೂ ಬಿತ್ತು.

ಎಡದ್ದು.

ಪೂಜಾರಿ ಬಗ್ಗಿ ಬಿದ್ದ ಹೂವನ್ನು ಎತ್ತಿ ಬಕೀಟಿಗೆ ಹಾಕಿದ. ಒಂದು ತಂಬಿಗೆ ನೀರು ತಂದು ತಾಯಿಯ ಪಾದಕ್ಕೆ ಸುರಿದ. "ಮುನಿಸ್ಕೊಂಡಾಳ ತಾಯಿ, ತಡಾ ಮಾಡಿ ಬಂದೀವಂತ" ಎಂದು ಗೌಡರ ಕಡೆ ನೋಡದೆ ಹೇಳಿ, ಬೇರೆ ಎರಡು ಹೂ ಹಚ್ಚಿದ. ಮತ್ತೆ ಅದೇ ಪ್ರಶ್ನೆ. ಈ ಸಲ ಬಲದ್ದು ಬಿತ್ತು. "ಉಧೋ ಉಧೋ" ಎಂದು ಗುಡಿ ಒಡೆಯುವಂತೆ ಕೂಗಿದರು. ಆ ಕೂಗಿನ ಹೊತ್ತಿಗೆ ಮೊದಲ ಹೂ ಬಿದ್ದದ್ದೇ ಇಲ್ಲವಾಯಿತು. ಅದು ಇಲ್ಲವಾದ ಬಗೆಯನ್ನು ನಾನು ಎದುರಿಗೆ ಕೂತು ನೋಡಿದೆ. ಯಾರೂ ಸುಳ್ಳು ಹೇಳಲಿಲ್ಲ. ಕಣ್ಸನ್ನೆಯನ್ನೂ ಮಾಡಲಿಲ್ಲ. ಬಿದ್ದದ್ದನ್ನು ಎತ್ತಿ ಹಾಕಿದರು, ಮುಗಿಯಿತು.

ಆಗ ಅಕ್ಕ ಎದ್ದು ನಿಂತಳು. "ನಂದೂ ಕೇಳ್ರಿ."

ಗಂಡಸರು ಮುಖ ಮುಖ ನೋಡಿಕೊಂಡರು. ಗೌಡರು ನಕ್ಕರು. ಅವರು ಕೆಟ್ಟ ನಗೆ ನಗುವವರಲ್ಲ. ದೊಡ್ಡ ಮನುಷ್ಯ, ಮಕ್ಕಳಿಗೆ ಪೆಪ್ಪರಮೆಂಟು ಹಂಚುವವರು. "ಕೇಳ್ಲಿ ಬಿಡೋ ಪೂಜಾರಿ. ತಾಯಿ ಎಲ್ಲಾರಿಗೂ ತಾಯಿನ" ಎಂದರು.

ಪೂಜಾರಿ ಅಕ್ಕನ ಹೆಸರಲ್ಲಿ ಹೂ ಹಚ್ಚಿದ. ಇಲ್ಲಿ ನನ್ನ ಬಗ್ಗೆ ಒಂದು ಮಾತು ಹೇಳಲೇಬೇಕು. ಆ ಹೂಗಳನ್ನು ನೋಡುತ್ತ ನಾನು ಒಳಗೊಳಗೇ "ಬಲಕ್ಕ, ಬಲಕ್ಕ" ಎನ್ನುತ್ತಿದ್ದೆ. ವರಪ್ರಸಾದದ ಕೆಳಗೆ ಗೆರೆ ಎಳೆಯುವ ನಾನು, ಹಸಿ ಗಂಧಕ್ಕೆ ಅಂಟಿದ ಒಂದು ಸೇವಂತಿಗೆಗೆ ಕೈಮುಗಿಯುವುದೊಂದು ಬಾಕಿ. ನನಗೆ ನನ್ನ ಮೇಲೆ ಬಂದ ಹೇಸಿಗೆ ಆ ಬಕೀಟಿನ ಮೇಲೆ ಬಂದದ್ದಕ್ಕಿಂತ ಕಡಿಮೆಯೇನಿರಲಿಲ್ಲ.

ಹೂ ಬಿತ್ತು. ಎಡದ್ದು.

"ಆತಲ್ಲವಾ, ತಾಯಿ ಹೇಳಿದ್ಲು" ಎಂದು ಪೂಜಾರಿ ಗಂಧದ ಬಟ್ಟಲನ್ನು ಎತ್ತಿಡಲು ಹೋದ.

"ನಿಂದ್ರಿ" ಎಂದಳು ಅಕ್ಕ. "ಗೌಡ್ರಿಗೆ ಎಡಕ್ಕ ಬಿದ್ದಾಗ ಇನ್ನೊಮ್ಮೆ ಹಚ್ಚಿದ್ರಿ. ನನಗೂ ಹಚ್ರಿ."

"ಆ ಮನಿಗೆ ಹಚ್ಚೂ ಪದ್ಧತಿ ಐತವಾ. ನಿನಗೆಲ್ಲೈತಿ?"

"ಎಡಕ್ಕ ಎಲ್ಲಿ ಬಿತ್ತಬೇ ಗೌಡ್ರಿಗೆ?" ಎಂದು ಹಿಂದಿನಿಂದ ಒಬ್ಬ ಮುದುಕ ನಿಜವಾಗಿಯೂ ಆಶ್ಚರ್ಯಪಟ್ಟು ಕೇಳಿದ. ಅವನ ಆಶ್ಚರ್ಯ ನಾಟಕವಾಗಿರಲಿಲ್ಲ. ನನ್ನನ್ನು ಇಂದಿಗೂ ಕಾಡುವುದು ಅದೇ.

"ಬಿತ್ತು. ನಾನೂ ನೋಡೇನಿ" ಎಂದೆ ನಾನು. ನನ್ನ ಧ್ವನಿ ತರಗತಿಯಲ್ಲಿ ಗದ್ದಲ ಅಡಗಿಸುವ ಧ್ವನಿಯಾಗಿತ್ತು.

"ಮೇಡಮ್ಮಾರ, ನೀವು ದೇವರನ್ನ ನಂಬಾವ್ರಲ್ಲ, ನಿಮಗ ಹ್ಯಾಂಗ ಕಾಣ್ತ್ರಿ?" ಎಂದ ಆ ಮುದುಕ. ಗುಡಿ ತುಂಬ ನಗು. ಕಂಬದ ಹತ್ತಿರ ಗೌಡರ ಸೊಸೆಯೂ ನಕ್ಕಳು ಎಂದು ನನ್ನ ನೆನಪು. ಅವಳು ಫೋನಿನಲ್ಲಿ ಏನನ್ನೋ ನೋಡಿ ನಕ್ಕಿರಬಹುದು.

ಆ ದಿನ ನನಗೆ ಒಂದು ವಿಷಯ ತಿಳಿಯಿತು, ಅಥವಾ ತಿಳಿಯಿತು ಎಂದುಕೊಂಡೆ. ಗೌಡರ ಮನೆಗೆ ತಾಯಿ ಕೊಟ್ಟಿರುವ ಹಕ್ಕು ಊರು ಆಳುವುದಲ್ಲ. ಎಡಕ್ಕೆ ಬಿದ್ದಾಗ ಇನ್ನೊಮ್ಮೆ ಕೇಳುವ ಹಕ್ಕು. ಉಳಿದದ್ದೆಲ್ಲ ಅದರಿಂದ ತಾನಾಗಿ ಬರುತ್ತದೆ. ಒಪ್ಪುವವರೆಗೂ ಕೇಳಬಹುದಾದರೆ ಯಾವ ದೇವರು ತಾನೇ ಒಪ್ಪದೆ ಇದ್ದಾನು? ಭವಿಷ್ಯ ನುಡಿಯುವ ತಾಯಿಯ, ಬೇಡ ಎನ್ನುವ ನಾಲಗೆಯನ್ನೇ ಕತ್ತರಿಸಿ, ಆಮೇಲೆ ಅವಳ ಮಾತು ಸುಳ್ಳಾಗುವುದಿಲ್ಲ ಎನ್ನುತ್ತಾರೆ.

ಮನೆಗೆ ಬರುವಾಗ ಅಕ್ಕ ಮುಂದೆ ನಡೆದಳು. ಗಟಾರದ ಹತ್ತಿರ ಬಂದಾಗ ಸೀರೆ ಎತ್ತಿ ಜಿಗಿದಳು. ಆ ಕಡೆ ನಿಂತು, "ನಾ ನಿಲ್ತೇನಿ" ಎಂದಳು.

"ತಾಯಿ ಬ್ಯಾಡ ಅಂದಾಳಲ್ಲಬೇ" ಎಂದೆ. ಚುಚ್ಚಬೇಕೆಂದೇ ಅಂದೆ.

"ನನಗ ಎಡಕ್ಕ ಕೊಟ್ಲು, ಖರೆ. ಅವರಿಗೂ ಎಡಕ್ಕ ಕೊಟ್ಟಾಳ. ಇಬ್ಬರನ್ನೂ ಬ್ಯಾಡ ಅಂದಾಳ ಅಂದ್ರ ಆಕಿಗೆ ಯಾರಾದ್ರೂ ಅಷ್ಟ ಅಂತ ಆತು. ಓಟಿನಾಗ ನೋಡೂಣು."

ಇಷ್ಟು ಚೆಂದದ ನ್ಯಾಯವನ್ನು ನಾನು ಯಾವ ಪುಸ್ತಕದಲ್ಲೂ ಓದಿರಲಿಲ್ಲ. ಶಿಗ್ಗಾವಿಗೆ ಹಿಂತಿರುಗಿ ಇದನ್ನು ಉರ್ದು ಮೇಷ್ಟ್ರಿಗೆ ಹೇಳಿದೆ, ಮೇಲಿನ ಮನೆಯವರಿಗೆ ಹೇಳಿದೆ, ಬಸ್ಸಿನಲ್ಲಿ ಪಕ್ಕ ಕೂತವರಿಗೂ ಹೇಳಿದೆನೋ ಏನೋ. ಹೇಳುತ್ತ ಹೇಳುತ್ತ ಕಥೆಗೆ ಬಣ್ಣ ಬಂತು. ನನ್ನ ಅಕ್ಕ ತುಂಬಿದ ಗುಡಿಯಲ್ಲಿ ಪದ್ಧತಿಯ ವಿರುದ್ಧ ಎದ್ದು ನಿಂತವಳು. ಮೇಷ್ಟ್ರು ಎಲೆ ಮಡಚುತ್ತ ಕೇಳಿದರು. "ಶಾಬ್ಬಾಸ್" ಎಂದರು. ಆಮೇಲೆ, "ಆದ್ರ ಮೇಡಂ, ನಿಮ್ಮ ಅಕ್ಕಾರು ಹಚ್ಚಬ್ಯಾಡ್ರಿ ಅಂದ್ರೋ, ನನಗೂ ಹಚ್ರಿ ಅಂದ್ರೋ?" ಎಂದು ಕೇಳಿದರು. ನಾನು ಆ ಪ್ರಶ್ನೆಯನ್ನು ಗಟ್ಟಿಯಾಗಿ ಹಿಡಿಯಲಿಲ್ಲ. ಗಂಟೆ ಹೊಡೆಯಿತು, ತರಗತಿಗೆ ಹೋದೆ.

ಅಕ್ಕ ನಾಮಪತ್ರ ಕೊಟ್ಟಳು. ಮಾವನನ್ನು ಗೌಡರು ಮನೆಗೆ ಕರೆಸಿಕೊಂಡರು. ಗಿರಣಿಯ ಮಾಲೀಕರು ಗೌಡರ ಬೀಗರು. ಮಾವ ಬಂದು ಕಟ್ಟೆಯ ಮೇಲೆ ಕೂತ.

"ಏನಂದ್ರು?" ಎಂದಳು ಅಕ್ಕ.

"ಏನೂ ಅನ್ನಲಿಲ್ಲ. ಚಾ ಕುಡಿಸಿದ್ರು."

"ಮತ್ತ ಹಿಂಗ್ಯಾಕ ಕುಂತೀರಿ?"

"ಬೈದಿದ್ರ ಚೊಲೊ ಇತ್ತು. ಗೌಡ್ರು ಚಾ ಕುಡಿಸಿದ್ರ ನನಗ ಅಂಜಿಕಿ."

ಮಾವನ ಕೆಲಸ ಹೋಗಲಿಲ್ಲ. ಆದರೆ ಅಕ್ಕನ ಮಷೀನಿನ ಹತ್ತಿರ ಕುಪ್ಪಸದ ಬಟ್ಟೆ ತರುವ ಹೆಂಗಸರು ಕಡಿಮೆಯಾದರು. ತಾಯಿ ಬೇಡ ಅಂದ ಮೇಲೂ ನಿಂತವಳ ಕೈಯ ಹೊಲಿಗೆ ಮೈಗೆ ಆಗುವುದಿಲ್ಲ ಎಂದು ಯಾರೋ ಹೇಳಿದ್ದರು. ಆ ದಿನಗಳಲ್ಲಿ ಹೊಲಿಸಲು ಬಂದವಳು ಗೌಡರ ಸೊಸೆ ಒಬ್ಬಳೇ. ಅಳತೆ ಕೊಡುತ್ತ ಹೇಳಿದಳಂತೆ: "ಅಕ್ಕಾರ, ಖರೇ ಹೇಳ್ತೇನಿ, ನೀವ ಗೆಲ್ರಿ. ನಾ ಗೆದ್ರ ಸಹಿ ಮಾಡೂದಷ್ಟ ನಂದು, ಪಂಚಾಯ್ತಿ ಶಿಕ್ಕಾ ಮಾವ್ನೋರ ಕಿಸೆದಾಗ." ಇದನ್ನು ಅಕ್ಕ ಹೇಳಿ ನಗುವಾಗ ಅವಳ ಕಣ್ಣಲ್ಲಿ ನೀರಿತ್ತು. ಆ ವಾರಗಳಲ್ಲಿ ಅವಳು ಬಹಳ ಸೊರಗಿದಳು. ಸೋತರೆ ಊರು ಬಿಡಬೇಕಾದೀತು ಎಂದು ಮಾವ ನನಗೆ ಗುಟ್ಟಾಗಿ ಹೇಳಿದ. ಹೊಲ ಇಲ್ಲ, ಗಿರಣಿ ಬೇರೆಯವರದು, ಮಷೀನು ಸುಮ್ಮನೆ ನಿಂತಿದೆ. ಅವನ ಹೆದರಿಕೆ ಸುಳ್ಳಾಗಿರಲಿಲ್ಲ.

ಎಣಿಕೆ ಹಾನಗಲ್ಲಿನಲ್ಲಿ ನಡೆಯಿತು. ಗೇಟಿನ ಹೊರಗೆ ಬಿಸಿಲಲ್ಲಿ ನಿಂತಿದ್ದ ನಮಗೆ ಮಾವ ಒಳಗಿನಿಂದ ಫೋನು ಮಾಡಿ, ಮಾತು ಬರದೆ, ಅತ್ತ. ಸೋತಳು ಎಂದೇ ತಿಳಿದು ನಾನು ಅಕ್ಕನ ಕೈ ಹಿಡಿದೆ. ಗೆದ್ದಿದ್ದಳು. ಹೆಚ್ಚಿನ ಅಂತರವೇನಿಲ್ಲ. ಗುಡಿಯಲ್ಲಿ ನಕ್ಕ ಹೆಂಗಸರೇ ಅವಳಿಗೆ ಓಟು ಹಾಕಿರಬೇಕು. ಹಾಕಲಿಲ್ಲವೆಂದು ಈಗ ಯಾರೂ ಹೇಳುವುದಿಲ್ಲ, ಆದ್ದರಿಂದ ಅದೂ ಗೊತ್ತಾಗುವುದಿಲ್ಲ.

ನಾನು ಇಲ್ಲಿಗೆ ನಿಲ್ಲಿಸಿದ್ದರೆ ಇದು ಬೇರೆ ಬರಹವಾಗುತ್ತಿತ್ತು.

ಅದೇ ಸಂಜೆ ಊರಿನ ವಾಟ್ಸಾಪ್ ಗುಂಪಿನಲ್ಲಿ ಒಂದು ವಿಡಿಯೋ ಬಂತು. ದ್ಯಾಮವ್ವನ ಭುಜದಿಂದ ಹೂ ಬೀಳುತ್ತದೆ, ಬಲದ್ದು, ಕೂಡಲೇ "ಉಧೋ ಉಧೋ". ಕೆಳಗೆ ಬರೆದದ್ದು: ತಾಯಿ ಅವತ್ತ ಹೇಳಿದ್ಲು. ಅದು ಗೌಡರ ಹೆಸರಲ್ಲಿ ಎರಡನೆಯ ಸಲ ಹಚ್ಚಿದ ಹೂ. ಚಿತ್ರದಲ್ಲಿ ತಾಯಿಯೊಬ್ಬಳೇ ಇದ್ದಳು, ಪೂಜಾರಿಯ ಪ್ರಶ್ನೆ ಇರಲಿಲ್ಲ. ಗೌಡರ ಸೊಸೆಗಾಗಿ ಬಿದ್ದ ಹೂ ಈಗ ನನ್ನ ಅಕ್ಕನದಾಗಿತ್ತು. ಕೈಮುಗಿದ ಗುರುತುಗಳ ಸಾಲು ಬೆಳೆಯುತ್ತಲೇ ಹೋಯಿತು. ಫೋನನ್ನು ಮಗುಚಿ ಇಟ್ಟೆ. ಸೋತಿದ್ದರೆ ಎಡದ ಹೂವಿನ ಶಾಪ, ಗೆದ್ದರೆ ಬಲದ ಹೂವಿನ ವರ. ಈ ಜನ ತಾಯಿಯನ್ನು ನಂಬುವುದಿಲ್ಲ, ಗೆದ್ದವರನ್ನು ನಂಬಿ ಅವರ ಹಿಂದೆ ತಾಯಿಯನ್ನು ನಿಲ್ಲಿಸುತ್ತಾರೆ ಎಂದು ಅಂದಿನ ದಿನಚರಿಯಲ್ಲಿ ಬರೆದಿದ್ದೇನೆ. ಬರೆದ ಅಕ್ಷರ ಪುಟ ಹರಿಯುವಷ್ಟು ಒತ್ತಿದೆ.

ಮುಂದಿನ ಭಾನುವಾರ ಗೌಡರು ತಾವೇ ಅಕ್ಕನ ಮನೆಗೆ ಬಂದರು. ಜೊತೆಗೆ ಪೂಜಾರಿ. ಒಂದು ತಟ್ಟೆಯಲ್ಲಿ ಕಾಯಿ, ಕುಪ್ಪಸದ ಕಣ. ಗಟಾರ ದಾಟುವಾಗ ಗೌಡರು ಧೋತರ ಎತ್ತಿ ಹಿಡಿದು, ಮೂಗು ಮುಚ್ಚಿಕೊಂಡು, "ಏನ ನಾತವಾ ಇದು!" ಎಂದರು, ಮೊದಲ ಸಲ ನೋಡಿದವರಂತೆ.

"ಕುಂದರ್ರಿ ಗೌಡ್ರ" ಎಂದು ಅಕ್ಕ ಖುರ್ಚಿ ಹಾಕಿದಳು.

"ತಾಯಿ ಅವತ್ತ ನಿನಗ ಬಲಕ್ಕ ಕೊಟ್ಟಿದ್ಲವಾ. ನಮಗ ತಿಳೀಲಿಲ್ಲ."

"ನನಗ ಎಡಕ್ಕ ಬಿದ್ದಿತ್ತಲ್ರಿ?"

"ನೀ ಕುಂತ ಕಡೆಯಿಂದ ಹಂಗ ಕಂಡಿರಬೇಕು."

ಅಕ್ಕ ಈಗ ಏನಾದರೂ ಹೇಳುತ್ತಾಳೆ ಎಂದು ನಾನು ಒಳಬಾಗಿಲಲ್ಲಿ ಕಾದೆ. ಅವಳು ನಕ್ಕು, "ಚಾ ಮಾಡ್ತೇನ್ರಿ" ಎಂದು ಒಳಗೆ ಬಂದಳು. ನನ್ನ ಪಕ್ಕದಿಂದ ಹಾದುಹೋಗುವಾಗ ನನ್ನ ಮುಖ ನೋಡಲಿಲ್ಲ. ಈಗ ಚಹಾ ಕುಡಿಸುವ ಸರದಿ ಅವಳದಾಗಿತ್ತು.

ಗೌಡರು ಬಂದ ಕಾರಣ ಹೀಗಿತ್ತು. ಪಂಚಾಯಿತಿಯ ಅಧ್ಯಕ್ಷ ಸ್ಥಾನವೂ ಮಹಿಳೆಗೆ ಮೀಸಲು. ಸೊಸೆ ಸೋತ ಮೇಲೆ ನಮ್ಮೂರಿನಿಂದ ಗೆದ್ದ ಹೆಂಗಸು ಅಕ್ಕ ಒಬ್ಬಳೇ. ಪಕ್ಕದ ಹಳ್ಳಿಯ ಸದಸ್ಯೆಯೂ ಅಧ್ಯಕ್ಷೆ ಆಗಬೇಕೆಂದು ಓಡಾಡುತ್ತಿದ್ದಳು. ಅಧಿಕಾರ ಊರು ದಾಟುವುದು ಗೌಡರಿಗೆ ಬೇಡವಾಗಿತ್ತು. ತಾಯಿಯ ಅಪ್ಪಣೆ ಅಕ್ಕನಿಗೆ ಇದೆ ಎಂದಾದರೆ ಉಳಿದ ಸದಸ್ಯರು ತುಟಿ ಬಿಚ್ಚುವುದಿಲ್ಲ. "ಒಂದ ಮಾತು, ಪದ್ಧತಿ ಪ್ರಕಾರ ಕೇಳಿಬಿಡೂಣು" ಎಂದರು ಗೌಡರು.

ನಾನು ಅಕ್ಕನಿಗೆ ಬೇಡವೆಂದೆ. ಓಟಿನಲ್ಲಿ ಗೆದ್ದವಳು ಹೂವಿಗೆ ಹೋಗಬಾರದು ಎಂದೆ. ಮತ್ತೆ ಮತ್ತೆ ಹೇಳಿದೆ.

"ನಿನಗ ತಾಯಿನ್ನ ಕಂಡ್ರ ಆಗಂಗಿಲ್ಲ, ಅದಕ್ಕ ಹಿಂಗ ಅಂತಿ."

"ನನಗ ಆ ಪೂಜಾರಿ ಬೆರಳು ಕಂಡ್ರ ಆಗಂಗಿಲ್ಲ."

"ಅಧ್ಯಕ್ಷಿ ಆದ್ರ ಗಟಾರ ಆಗ್ತೈತಿ. ಬರೇ ಮೆಂಬರ ಆದ್ರ ನಾನೂ ನೋಡೂಣು ನೋಡೂಣು ಅಂತ ಕೂಡಬೇಕು. ನಿಮ್ಮ ಶಿಗ್ಗಾವ್ಯಾಗ ಗಟಾರ ಮುಚ್ಚೇತಿ, ನಿನಗ ಮಾತು ಬರ್ತಾವ."

 

ಎರಡನೆಯ ಸಲ ಗುಡಿಗೆ ಹೋದಾಗ ಅಕ್ಕನನ್ನು ಮುಂದೆ, ತಾಯಿಯ ಎದುರಿಗೇ ಚಾಪೆ ಹಾಸಿ ಕೂರಿಸಿದರು. ಹಿಂದಿನ ಸಲ ಅಲ್ಲಿ ಗೌಡರು ಕೂತಿದ್ದರು. ಫ್ಯಾನು ಆರಿಸಿದರು. ಅದೇ ಬಕೀಟು, ಅದೇ ಹುಳಿ ನಾತ. "ಊರಿನ ಗದ್ದಿಗಿ ಈಕಿ ಹಿಡೀಲೇನವ್ವಾ?" ಎಂದು ಪೂಜಾರಿ ಕೇಳಿದ. ಪಂಚಾಯಿತಿಯ ಪ್ಲಾಸ್ಟಿಕ್ ಖುರ್ಚಿ ಆ ಒಂದು ಮಾತಿನಲ್ಲಿ ಗದ್ದುಗೆಯಾಯಿತು. ಈ ಸಲ ನಾನು ಒಳಗೊಳಗೆ ಏನೂ ಹೇಳಲಿಲ್ಲ. ಹೂಗಳನ್ನು ನೋಡದೆ ಅಕ್ಕನ ಬೆನ್ನನ್ನು ನೋಡುತ್ತಿದ್ದೆ. ಅವಳು ತಾನೇ ಹೊಲಿದ ಹೊಸ ಕುಪ್ಪಸ ತೊಟ್ಟಿದ್ದಳು.

ಎಡದ್ದು ಬಿತ್ತು.

ಪೂಜಾರಿ ಅದನ್ನು ಎತ್ತಿ ಬಕೀಟಿಗೆ ಹಾಕಿದ. ಹೊಸ ಹೂ ಕೈಗೆ ತೆಗೆದುಕೊಂಡ. ಎರಡು ಬೆರಳನ್ನು ಗಂಧದ ಬಟ್ಟಲಿಗೆ ಅದ್ದಿ, ಹಾಗೆಯೇ ನಿಂತ. ಗೌಡರ ಕಡೆ ನೋಡಿದ. ಗೌಡರು ಅಕ್ಕನ ಕಡೆ ನೋಡಿದರು. ಈಗ ಅಪ್ಪಣೆ ಅವಳು ಕೊಡಬೇಕಾಗಿತ್ತು. ಇಡೀ ಗುಡಿ ತಾಯಿಯನ್ನು ಬಿಟ್ಟು ನನ್ನ ಅಕ್ಕನ ಬಾಯಿಯನ್ನು ನೋಡುತ್ತಿತ್ತು.

"ಹಚ್ರಿ" ಎಂದಳು ಅಕ್ಕ.

ಅದೇ ಮಾತು. ಹಿಂದಿನ ಸಲ ಎದ್ದು ನಿಂತು ಹೇಳಿದ್ದೂ ಅದೇ. ಅಂದು ನನಗೆ ಅದು ಇಡೀ ಊರಿನ ಮುಖಕ್ಕೆ ಹೊಡೆದಂತೆ ಕೇಳಿಸಿತ್ತು. ಮೇಷ್ಟ್ರು ಕೇಳಿದ ಪ್ರಶ್ನೆ ಆಗ ನನಗೆ ನೆನಪಾಯಿತು. ಅವಳು ಪದ್ಧತಿಯನ್ನು ನಿಲ್ಲಿಸಿ ಎಂದಿರಲಿಲ್ಲ. ತನ್ನ ಪಾಲು ಕೇಳಿದ್ದಳು. ನಿಲ್ಲಿಸಿ ಎಂಬ ಮಾತನ್ನು ಶಿಗ್ಗಾವಿಯ ಬಸ್ಸಿನಲ್ಲಿ ಕೂತು ಅವಳ ಬಾಯಿಗೆ ಇಟ್ಟವಳು ನಾನು. ಹಸಿದ ಹೆಂಗಸಿನ ಕೂಗಿಗೆ ಊರಿನವರು ಅರ್ಥ ಕೊಟ್ಟರೆ ನನಗೆ ಅಸಹ್ಯ. ನನ್ನ ಅಕ್ಕನ ಕೂಗಿಗೆ ನಾನು ಕೊಟ್ಟದ್ದು ಅದಕ್ಕಿಂತ ಹೆಚ್ಚು ಶುದ್ಧವಾದದ್ದೇನೂ ಆಗಿರಲಿಲ್ಲ.

ಬಲದ್ದು ಬಿತ್ತು. "ಉಧೋ ಉಧೋ" ಎಂದರು. ಹಿಂದೆ ನನ್ನನ್ನು ಕೆಣಕಿದ ಮುದುಕ ಬಂದು ಅಕ್ಕನ ಕಾಲು ಮುಟ್ಟಲು ಬಗ್ಗಿದ. ಅವಳು ಹಿಂದೆ ಸರಿದಳು. ಆದರೆ ಸರಿಯುವುದರೊಳಗೆ ಅವನ ಕೈ ತಾಗಿತ್ತು.

ಮಧ್ಯಾಹ್ನ ಅಕ್ಕ ರೊಟ್ಟಿ, ಎಣ್ಣೆ ಬದನೆಕಾಯಿ ಬಡಿಸಿದಳು. ಕಿಟಕಿ ಮುಚ್ಚಿತ್ತು. ನಾನು ತುತ್ತು ಮುರಿದು ತಟ್ಟೆಯಲ್ಲೇ ಇಟ್ಟೆ.

"ಯಾಕ, ಉಣವಲ್ಲಿ? ಬಲಕ್ಕ ಬಿತ್ತಲ್ಲ, ನೋಡಿದಿಲ್ಲ?"

"ಎರಡನೇದ್ದು ಬಿತ್ತು."

"ಒಂದನೇದ್ದು ಯಾರ ನೆನಪಿಟ್ಟಾರ?"

"ನಾನು."

ಅಕ್ಕ ನಕ್ಕಳು. ಚಿಕ್ಕಂದಿನಲ್ಲಿ ನನ್ನ ಜಡೆ ಹೆಣೆಯುವಾಗ ನಗುತ್ತಿದ್ದ ನಗೆಯೇ. "ನಿನ್ನ ನೆನಪನ್ನ ನೀನ ನಂಬಂಗಿಲ್ಲ ಹುಡುಗಿ. ನಾವ್ಯಾಕ ನಂಬೂಣು? ಉಣ್ಣು."

ಉಂಡೆ. ಹಸಿವಾಗಿತ್ತು.

ಅಕ್ಕ ಅಧ್ಯಕ್ಷೆಯಾದಳು. ಯಾರೂ ಎದುರು ನಿಲ್ಲಲಿಲ್ಲ. ಮಳೆಗಾಲಕ್ಕೆ ಮೊದಲೇ ಜೆಸಿಬಿ ಬಂದು ಗಟಾರ ಅಗೆಯಿತು. ಸಿಮೆಂಟು ಹಾಕಿ ಮೇಲೆ ಬಂಡೆಗಲ್ಲು ಮುಚ್ಚಿದರು. ಮುಂದಿನ ಸಲ ಹೋದಾಗ ಅಂಗನವಾಡಿಯ ಮಕ್ಕಳು ಅದರ ಮೇಲೆ ಕುಂಟಾಪಿಲ್ಲೆ ಆಡುತ್ತಿದ್ದರು. ಅಕ್ಕನ ಕಿಟಕಿ ತೆರೆದಿತ್ತು. ಮಷೀನಿನ ಸುತ್ತ ಬಟ್ಟೆಯ ಗಂಟುಗಳು ರಾಶಿ ಬಿದ್ದಿದ್ದವು. ಅಳತೆ ಕೊಡಲು ಬಂದಿದ್ದ ಹೆಂಗಸೊಬ್ಬಳು ನನಗೆ, "ತಾಯಿ ಸುಮ್ಮ ಸುಮ್ಮನ ಯಾರಿಗೂ ಬಲಕ್ಕ ಕೊಡಂಗಿಲ್ಲ ನೋಡ್ರಿ ಮೇಡಮ್ಮಾರ" ಎಂದಳು. ಅಕ್ಕ ತಲೆ ಎತ್ತದೆ ಹೊಲಿಯುತ್ತಿದ್ದಳು.  

ಹೊರಡುವಾಗ ಬಂಡೆಗಲ್ಲಿನ ಮೇಲೆ ನಡೆದು ದಾಟಿದೆ. ಜಿಗಿಯಬೇಕಾಗಿರಲಿಲ್ಲ. ನಾತವೂ ಇರಲಿಲ್ಲ, ಅದನ್ನು ಖಚಿತವಾಗಿ ಹೇಳಬಲ್ಲೆ. ಆದರೂ ನಡುವೆ ಬಂದಾಗ ನನ್ನ ಕೈ ಸೆರಗನ್ನು ಎತ್ತಿ ಮೂಗಿಗೆ ಹಿಡಿದಿತ್ತು. ಅಕ್ಕ ಕಿಟಕಿಯಿಂದ ಅದನ್ನು ನೋಡಿದಳು.